ರೋಡ್ ರೋಲರ್ ಒಳಗೆ ಏನಿದೆ? ನಮ್ಮೂರ ಮೋರಿ ಯಾಕೆ ಕುಸಿಯಿತು?

ಕಳಸದಿಂದ ಕುದುರೆಮುಖಕ್ಕೆ ಹೋಗೋ ದಾರಿಯಲ್ಲಿ ಸಂಸೆ ಸಿಗುತ್ತೆ. ಟ್ರೆಕ್ಕಿಂಗ್ ಮಾಡೋರಿಗೆ ಈ ಹೆಸರು ಗೊತ್ತಿರುತ್ತೆ. ಉಳಿದವರಿಗೆ ಟೀ ತೋಟ ಅಂದ್ರೆ ನೆನಪಾಗಬಹುದು. ಅಲ್ಲಿ ಮೇನ್ ರೋಡಿಂದ ನಮ್ಮ ಮನೆ ಕಡೆ ಇಳಿಯೋ ಒಂದು ಸಣ್ಣ ರಸ್ತೆ ಇದೆ. ಮಧ್ಯದಲ್ಲಿ ಒಂದು ಹಳ್ಳ, ಹಳ್ಳಕ್ಕೊಂದು ಮೋರಿ. ಹೋದ ಬೇಸಿಗೆಯಲ್ಲಿ ಆ ಮೋರಿಯನ್ನ ಹೊಸದಾಗಿ ಕಟ್ಟಿ, ಎರಡೂ ಕಡೆ ಸುಮಾರು ಮೂರು ಮೀಟರ್ ಮಣ್ಣು ತುಂಬಿ, ಮೇಲೆ ಟಾರ್ ಹಾಕಿದ್ರು. ನೋಡೋಕೆ ಸಖತ್ತಾಗಿತ್ತು. ಒಂದು ಮಳೆಗಾಲ ಮುಗಿಯೋ ಹೊತ್ತಿಗೆ ರಸ್ತೆ ಒಂದು ಗೇಣು ಕೆಳಗೆ ಕೂತಿತ್ತು. ಹೊಳೆ ಕಡೆ ಅಂಚಿನಲ್ಲಿ ಅರ್ಧಚಂದ್ರನ ಥರ ಬಿರುಕು.

ದಸರಾ ರಜೆಗೆ ನಾನು ಊರಿಗೆ ಹೋಗೋಕೆ ನಾಲ್ಕು ದಿನ ಮೊದಲು, ಚಿಕ್ಕಪ್ಪನ ಸ್ಕೂಟರ್ ಹಿಂದೆ ಕೂತಿದ್ದ ಅಜ್ಜ ಆ ಗುಂಡಿಯಲ್ಲಿ ಬಿದ್ದು ಕೈ ಮುರ್ಕೊಂಡಿದ್ರು. ಶಾಲೆ ಮಕ್ಕಳ ಜೀಪು ಈಗ ಮೋರಿಯ ಆಚೆಯೇ ನಿಲ್ಲುತ್ತೆ, ಮಕ್ಕಳು ನಡ್ಕೊಂಡು ಬರ್ತಾರೆ.

"ರೋಲರ್ ಓಡಿಸಿದ್ರಲ್ಲ ಅಜ್ಜ? ನಾನೇ ನೋಡಿದ್ದೆ, ದೊಡ್ಡ ರೋಲರ್ ಬಂದಿತ್ತು" ಅಂದೆ.

"ಬಂದಿತ್ತು ಮಾರಾಯ. ಮೇಲೆ ಓಡಾಡಿತು. ಕೆಳಗಿನ ಮಣ್ಣಿಗೆ ಅದು ಬಂದಿದ್ದೇ ಗೊತ್ತಾಗ್ಲಿಲ್ಲ ಅನ್ಸುತ್ತೆ" ಅಂದ್ರು ಅಜ್ಜ.

ನಾನು ಮೆಕ್ಯಾನಿಕಲ್ ಎರಡನೇ ವರ್ಷ. ರೋಲರ್ ಅಂದ್ರೆ ಸಿವಿಲ್‌ನವರ ವಿಷಯ ಅಂತ ಅಂದ್ಕೊಂಡಿದ್ದೆ. ವಾಪಸ್ ಹಾಸ್ಟೆಲ್‌ಗೆ ಬಂದು ಸಿವಿಲ್ ಓದೋ ರೂಮ್‌ಮೇಟ್ ಹತ್ರ ಕೇಳಿ, ಲೈಬ್ರರಿಯಲ್ಲಿ ಓದಿದ ಮೇಲೆ ಗೊತ್ತಾಯ್ತು, ಅಜ್ಜ ಹೇಳಿದ್ದು ಅಕ್ಷರಶಃ ಸತ್ಯ ಅಂತ. ಅದು ಯಾಕೆ ಅಂತ ಇಲ್ಲಿ ಬರೀತಿದ್ದೀನಿ. ಇಂಗ್ಲಿಷ್ ಮೀಡಿಯಂ ಕನ್ನಡ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಮಣ್ಣು ಗಟ್ಟಿ ಆಗೋದು ಅಂದ್ರೆ ಏನು?

ಒಂದು ಬುಟ್ಟಿ ಮಣ್ಣಿನಲ್ಲಿ ಮೂರು ವಸ್ತು ಇರುತ್ತೆ: ಮಣ್ಣಿನ ಕಣ, ನೀರು, ಗಾಳಿ. ರೋಲರ್ ಕಣವನ್ನ ಚಿಕ್ಕದು ಮಾಡಲ್ಲ. ನೀರನ್ನೂ ಹಿಂಡಿ ತೆಗೆಯಲ್ಲ, ಅಷ್ಟು ಹೊತ್ತು ಅದು ಒಂದೇ ಕಡೆ ನಿಲ್ಲೋದೇ ಇಲ್ಲ. ಅದು ಹೊರಗೆ ಹಾಕೋದು ಗಾಳಿಯನ್ನ ಮಾತ್ರ. ಗಾಳಿ ಹೋದ ಜಾಗಕ್ಕೆ ಕಣಗಳು ಜಾರಿ ಬಂದು ಹತ್ತಿರ ಹತ್ತಿರ ಕೂರ್ತವೆ. ಹಾಗೆ ಕೂತ ಮಣ್ಣಿಗೆ ಭಾರ ಹೊರೋ ಶಕ್ತಿ ಜಾಸ್ತಿ. ಇನ್ನೂ ಮುಖ್ಯವಾಗಿ, ಮಳೆ ನೀರು ನುಗ್ಗೋಕೆ ಖಾಲಿ ಜಾಗ ಕಡಿಮೆ.

ಕಣಗಳು ಜಾರಬೇಕಾದ್ರೆ ಸ್ವಲ್ಪ ನೀರು ಬೇಕು. ಅಕ್ಕಿ ರೊಟ್ಟಿ ಹಿಟ್ಟು ನೆನಪು ಮಾಡ್ಕೊಳ್ಳಿ. ನೀರು ಕಡಿಮೆ ಆದ್ರೆ ಉದುರುತ್ತೆ, ಜಾಸ್ತಿ ಆದ್ರೆ ಕೈಗೆ ಅಂಟುತ್ತೆ, ಮಧ್ಯೆ ಒಂದು ಹದ ಇದೆ. ಮಣ್ಣಿಗೂ ಅಂಥ ಹದ ಇದೆ. ಹದ ಮೀರಿ ನೀರಿದ್ರೆ ಗಾಳಿ ಇರಬೇಕಾದ ಜಾಗದಲ್ಲಿ ನೀರೇ ತುಂಬ್ಕೊಂಡಿರುತ್ತೆ. ನೀರನ್ನ ಒತ್ತಿ ಚಿಕ್ಕದು ಮಾಡೋಕೆ ಆಗಲ್ಲ. ರೋಲರ್ ಹೋದ ಕಡೆಯೆಲ್ಲ ಮಣ್ಣು ಸ್ಪಂಜಿನ ಥರ ತಗ್ಗಿ ಮತ್ತೆ ಎದ್ದೇಳುತ್ತೆ, ಅಷ್ಟೇ.

ಈ ಹದವನ್ನ ಲೆಕ್ಕಕ್ಕೆ ತಂದವರು ಅಮೆರಿಕದ ರಾಲ್ಫ್ ಪ್ರಾಕ್ಟರ್. ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ನಗರದ ನೀರು ಸರಬರಾಜು ಇಲಾಖೆಯ ಎಂಜಿನಿಯರ್. ಆ ಇಲಾಖೆ ಕಟ್ಟಿದ್ದ ಸೇಂಟ್ ಫ್ರಾನ್ಸಿಸ್ ಅನ್ನೋ ಕಾಂಕ್ರೀಟ್ ಅಣೆಕಟ್ಟು 1928ರ ಮಾರ್ಚ್‌ನಲ್ಲಿ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಬೂಕೆ ಕ್ಯಾನಿಯನ್ ಅನ್ನೋ ಕಡೆ ಮಣ್ಣಿನ ಅಣೆಕಟ್ಟು ಕಟ್ಟೋವಾಗ "ಈ ಮಣ್ಣು ಸಾಕಷ್ಟು ಗಟ್ಟಿ ಆಗಿದೆ ಅಂತ ಹೇಗೆ ಹೇಳೋದು?" ಅನ್ನೋ ಪ್ರಶ್ನೆಗೆ ಪ್ರಾಕ್ಟರ್ ಉತ್ತರ ಹುಡುಕಿ, 1933ರಲ್ಲಿ ಪ್ರಕಟಿಸಿದರು.

ನಮ್ಮ ಸಿವಿಲ್ ಲ್ಯಾಬ್‌ನಲ್ಲಿ ಇವತ್ತಿಗೂ ಮಾಡೋದು ಅದನ್ನೇ. 1000 ಸಿಸಿ ಅಚ್ಚಿನಲ್ಲಿ ಮೂರು ಪದರ ಮಣ್ಣು, 2.6 ಕೆಜಿ ಸುತ್ತಿಗೆ, 310 ಮಿಮೀ ಎತ್ತರದಿಂದ ಪದರಕ್ಕೆ 25 ಏಟು. ಬೇರೆ ಬೇರೆ ನೀರಿನ ಪ್ರಮಾಣದಲ್ಲಿ ಇದನ್ನ ಮಾಡಿ ಗ್ರಾಫ್ ಹಾಕಿದ್ರೆ ಗುಡ್ಡದ ಆಕಾರ ಬರುತ್ತೆ. ಗುಡ್ಡದ ತುದಿಯೇ ಹದ. ಮುಂದೆ ಎರಡನೇ ಮಹಾಯುದ್ಧದ ಹೊತ್ತಿಗೆ ದೊಡ್ಡ ವಿಮಾನಗಳ ರನ್‌ವೇಗೆ ಇದು ಸಾಲದು ಅನ್ನಿಸ್ತು. ಆಗ ಬಂದದ್ದು ಹೆವಿ ಕಂಪ್ಯಾಕ್ಷನ್ ಟೆಸ್ಟ್. ನಮ್ಮ ಐಎಸ್ ಪ್ರಕಾರ 4.9 ಕೆಜಿ ಸುತ್ತಿಗೆ, 450 ಮಿಮೀ ಎತ್ತರ, ಐದು ಪದರ. ಶಕ್ತಿಯ ಲೆಕ್ಕ ಹಾಕಿ ನೋಡಿ: ಮೊದಲನೆಯದರಲ್ಲಿ ಒಂದು ಘನ ಮೀಟರ್ ಮಣ್ಣಿಗೆ ಸುಮಾರು 593 ಕಿಲೋಜೂಲ್, ಎರಡನೆಯದರಲ್ಲಿ ಸುಮಾರು 2700. ನಾಲ್ಕೂವರೆ ಪಟ್ಟು. ಈಗಿನ ಹೈವೇಗಳಿಗೆ ಮಣ್ಣು ತುಂಬೋದನ್ನ ಈ ಎರಡನೇ ಟೆಸ್ಟ್‌ಗೆ ಹೋಲಿಸಿ ಅಳೀತಾರೆ: ಕೆಳಗಿನ ಭರ್ತಿಗೆ ಅದರ ಶೇ. 95, ಟಾರ್ ಪದರಗಳ ಕೆಳಗಿರೋ ಮಣ್ಣಿಗೆ ಶೇ. 97.

ಸುತ್ತಿಗೆ ಲ್ಯಾಬ್‌ನಲ್ಲಿ ಮಾಡೋದನ್ನ ಫೀಲ್ಡ್‌ನಲ್ಲಿ ಮಾಡೋದು ರೋಲರ್.

ಒತ್ತೋದಕ್ಕೆ ನಾಲ್ಕು ದಾರಿ

ರೋಲರ್ ಅಂದ ಕೂಡ್ಲೆ ನಮ್ಮ ತಲೆಗೆ ಬರೋದು ಮೂರು ಚಕ್ರದ ಹಳೇ ರೋಡ್ ರೋಲರ್. ಇಂಗ್ಲೆಂಡ್‌ನ ಅವೆಲಿಂಗ್ ಅಂಡ್ ಪೋರ್ಟರ್ ಕಂಪನಿ 1860ರ ದಶಕದಲ್ಲಿ ಉಗಿಯಿಂದ ಓಡೋ ರೋಲರ್ ಮಾಡ್ತು. ಆಮೇಲೆ ಉಗಿ ಹೋಗಿ ಡೀಸೆಲ್ ಬಂತು, ಆದ್ರೆ ಐಡಿಯಾ ಅದೇ: ತೂಕ. 8ರಿಂದ 10 ಟನ್ ಕಬ್ಬಿಣ ಮೆಲ್ಲಗೆ ಉರುಳುತ್ತೆ. ಜಲ್ಲಿ ಕೂರಿಸೋಕೆ, ಟಾರ್ ನುಣುಪು ಮಾಡೋಕೆ ಇದು ಓಕೆ. ಮಣ್ಣಿಗೆ ಬಂದ್ರೆ ತೊಂದರೆ ಏನಂದ್ರೆ, ಇದರ ಒತ್ತಡ ಮೇಲಿನ ಪದರದಲ್ಲೇ ಮುಗಿದು ಹೋಗುತ್ತೆ. ಮೇಲೆ ಗಟ್ಟಿ ಚಿಪ್ಪು, ಕೆಳಗೆ ಸಡಿಲ. ನೋಡೋರಿಗೆ ಚಿಪ್ಪು ಮಾತ್ರ ಕಾಣುತ್ತೆ.

ಎರಡನೇ ದಾರಿ ನಾದೋದು. ಇಲ್ಲಿ ಡ್ರಮ್ ಮೇಲೆ ಕುರಿ ಪಾದದ ಥರ ಗೊರಸುಗಳಿರುತ್ತವೆ. ಅದಕ್ಕೇ ಹೆಸರು ಶೀಪ್ಸ್‌ಫುಟ್ ರೋಲರ್. 1900ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಳಕೆಗೆ ಬಂತು. ಇಡೀ ತೂಕ ಕೆಲವೇ ಗೊರಸುಗಳ ಮೇಲೆ ಬೀಳೋದ್ರಿಂದ ಒತ್ತಡ ಜಾಸ್ತಿ. ಹೈ ಹೀಲ್ಸ್ ಹಾಕ್ಕೊಂಡವರು ಕಾಲು ತುಳಿದ್ರೆ ಹೇಗಿರುತ್ತೆ, ಹಾಗೆ. ಮೊದಲ ಸುತ್ತಿನಲ್ಲಿ ಗೊರಸು ಪೂರ್ತಿ ಹೂತು ಪದರದ ತಳವನ್ನ ಒತ್ತುತ್ತೆ. ತಳ ಗಟ್ಟಿ ಆದ ಹಾಗೆ ಮುಂದಿನ ಸುತ್ತುಗಳಲ್ಲಿ ಗೊರಸು ಕಡಿಮೆ ಕಡಿಮೆ ಇಳಿಯುತ್ತೆ, ರೋಲರ್ ನಿಧಾನಕ್ಕೆ ಮೇಲೆ ಏರುತ್ತಾ ಬರುತ್ತೆ. ಅಂದ್ರೆ ಇದು ಕೆಳಗಿಂದ ಮೇಲಕ್ಕೆ ಗಟ್ಟಿ ಮಾಡುತ್ತೆ. ಜಿಗುಟು ಮಣ್ಣಿಗೆ, ಹೆಂಟೆ ಹೆಂಟೆ ಇರೋ ಮಣ್ಣಿಗೆ ಇದೇ ಸರಿ. ಗೊರಸು ಎಷ್ಟು ಅಗಲ ಇರಬೇಕು ಅನ್ನೋದೇ ಇಲ್ಲಿಯ ಡಿಸೈನ್. ತುಂಬಾ ಚಿಕ್ಕದಾದ್ರೆ ಮಣ್ಣು ಗಟ್ಟಿ ಆಗೋ ಬದಲು ಹರಿದು ಹೋಗುತ್ತೆ, ತುಂಬಾ ಅಗಲ ಆದ್ರೆ ಒಳಗೆ ಇಳಿಯೋದೇ ಇಲ್ಲ.

ಮೂರನೆಯದು ಟೈರ್ ರೋಲರ್. ಮುಂದೆ ನಾಲ್ಕು, ಹಿಂದೆ ಐದು ಟೈರ್ ಇರೋದು ನೋಡಿರ್ತೀರ. ಮುಂದಿನ ಟೈರ್‌ಗಳ ಮಧ್ಯೆ ಬಿಟ್ಟ ಜಾಗವನ್ನ ಹಿಂದಿನ ಟೈರ್‌ಗಳು ತುಳೀತವೆ. ಗಾಳಿ ಒತ್ತಡ ಬದಲಾಯಿಸಿದ್ರೆ ನೆಲದ ಮೇಲಿನ ಒತ್ತಡ ಬದಲಾಗುತ್ತೆ. ತಗ್ಗು ಜಾಗಕ್ಕೂ ರಬ್ಬರ್ ಬಗ್ಗಿ ಹೋಗಿ ಮುಟ್ಟುತ್ತೆ, ಕಬ್ಬಿಣದ ಡ್ರಮ್ ಆದ್ರೆ ಅದರ ಮೇಲೆ ಸೇತುವೆ ಥರ ದಾಟಿ ಹೋಗಿಬಿಡುತ್ತೆ.

ನಾಲ್ಕನೆಯದು ನಡುಗಿಸೋದು. ನಮ್ಮೂರಿಗೆ ಬಂದಿದ್ದು ಇದೇ, ಸೈಟ್‌ನಲ್ಲಿ ಎಲ್ಲರೂ ಕರೆಯೋ ವೈಬ್ರೋ ರೋಲರ್. ನನ್ನಂಥ ಮೆಕ್ಯಾನಿಕಲ್ ಹುಡುಗನಿಗೆ ಇಂಟರೆಸ್ಟಿಂಗ್ ಆಗೋದು ಇಲ್ಲಿಂದ.

ಡ್ರಮ್ ಒಳಗೆ ಬೇಕಂತಲೇ ಮಾಡಿದ ತಪ್ಪು

ತಿರುಗೋ ಶಾಫ್ಟ್ ಬ್ಯಾಲೆನ್ಸ್ ಆಗಿರಬೇಕು ಅಂತ ನಮಗೆ ಕ್ಲಾಸ್‌ನಲ್ಲಿ ಹೇಳಿಕೊಡ್ತಾರೆ. ಒಂದು ಕಡೆ ತೂಕ ಜಾಸ್ತಿ ಆದ್ರೆ ಮಿಷಿನ್ ನಡುಗುತ್ತೆ, ಬೇರಿಂಗ್ ಹಾಳಾಗುತ್ತೆ. ವೈಬ್ರೋ ರೋಲರ್‌ನಲ್ಲಿ ಈ ತಪ್ಪನ್ನ ಬೇಕಂತಲೇ ಮಾಡ್ತಾರೆ. ಡ್ರಮ್‌ನ ಮಧ್ಯದಲ್ಲಿ ಒಂದು ಶಾಫ್ಟ್, ಅದಕ್ಕೆ ಒಂದೇ ಕಡೆ ವಾಲಿದ ತೂಕ. ಹೈಡ್ರಾಲಿಕ್ ಮೋಟರ್ ಅದನ್ನ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗಿಸುತ್ತೆ.

10–11 ಟನ್ನಿನ ಒಂದು ಸಾಮಾನ್ಯ ವೈಬ್ರೋ ರೋಲರ್ ತಗೊಳ್ಳೋಣ. ಡ್ರಮ್‌ನ ಅಗಲ 2.1 ಮೀಟರ್, ವ್ಯಾಸ 1.5 ಮೀಟರ್, ಡ್ರಮ್ ಮೇಲೆ ಬೀಳೋ ಭಾರ ಸುಮಾರು 6 ಟನ್. ವೈಬ್ರೇಶನ್ ಆಫ್ ಇದ್ರೆ ಡ್ರಮ್‌ನ ಒಂದೊಂದು ಸೆಂಟಿಮೀಟರ್ ಅಗಲಕ್ಕೆ 28 ಕೆಜಿ ಚಿಲ್ಲರೆ. ಈಗ ಆನ್ ಮಾಡಿ. ಶಾಫ್ಟ್ ಮೇಲಿನ ವಾಲಿದ ತೂಕ 70 ಕೆಜಿ, ಅದು ಕೇಂದ್ರದಿಂದ 10 ಸೆಂಮೀ ದೂರ ಇದೆ ಅಂದ್ಕೊಳ್ಳಿ. ಕೇಂದ್ರಾಪಗಾಮಿ ಬಲ ಅಂದ್ರೆ ದ್ರವ್ಯರಾಶಿ ಇಂಟು ದೂರ ಇಂಟು ಕೋನೀಯ ವೇಗದ ವರ್ಗ. 30 ಹರ್ಟ್ಸ್‌ಗೆ ಕೋನೀಯ ವೇಗ 188.5, ವರ್ಗ ಸುಮಾರು 35,500. ಗುಣಿಸಿದ್ರೆ ಸುಮಾರು 2,50,000 ನ್ಯೂಟನ್. ಹತ್ರ ಹತ್ರ 25 ಟನ್ ಭಾರದ ಬಲ, ಸೆಕೆಂಡಿಗೆ 30 ಸಲ! ಎಪ್ಪತ್ತು ಕೆಜಿ ಅಂದ್ರೆ ನಮ್ಮ ಕ್ಲಾಸ್‌ನ ಒಬ್ಬ ಹುಡುಗನ ತೂಕ ಅಷ್ಟೇ.

ಈ ಬಲದಿಂದ ಡ್ರಮ್ ಎಷ್ಟು ಮೇಲೆ ಕೆಳಗೆ ಹೋಗುತ್ತೆ? ನಡುಗೋ ಭಾಗ 4 ಟನ್ ಇದ್ರೆ, 70 ಇಂಟು 0.1 ಬೈ 4000. ಅಂದ್ರೆ 1.75 ಮಿಮೀ. ಕಣ್ಣಿಗೂ ಕಾಣದಷ್ಟು. ಆದ್ರೆ ಆ ನಡುಕ ಮಣ್ಣಿನೊಳಗೆ ಅಲೆಯಾಗಿ ಇಳಿಯುತ್ತೆ, ಕಣಗಳ ಮಧ್ಯದ ಘರ್ಷಣೆ ಒಂದು ಕ್ಷಣ ಸಡಿಲ ಆಗುತ್ತೆ, ಅವು ಜಾರಿ ಒಂದರ ಪಕ್ಕ ಒಂದು ಕೂರ್ತವೆ. ಡಬ್ಬಿಗೆ ಅಕ್ಕಿ ತುಂಬೋವಾಗ ಕುಟ್ಟಿ ಕುಟ್ಟಿ ತುಂಬಲ್ವಾ, ಅದೇ. ಮರಳು, ಗರಸು ಮಣ್ಣಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಜಿಗುಟು ಮಣ್ಣಾದ್ರೆ ನಡುಕದ ಜೊತೆ ಗೊರಸಿನ ಡ್ರಮ್ ಬೇಕು.

ಇನ್ನೊಂದು ಚಂದದ ಡಿಸೈನ್ ಇದೆ. ತುಂಬಾ ರೋಲರ್‌ಗಳಲ್ಲಿ ಶಾಫ್ಟ್ ಮೇಲೆ ಎರಡು ತೂಕ ಇರುತ್ತೆ, ಒಂದು ಫಿಕ್ಸ್, ಇನ್ನೊಂದು ಸಡಿಲ. ಶಾಫ್ಟ್ ಒಂದು ದಿಕ್ಕಿಗೆ ತಿರುಗಿದ್ರೆ ಸಡಿಲ ತೂಕ ಜಾರಿ ಫಿಕ್ಸ್ ತೂಕದ ಕಡೆಗೇ ಬಂದು ಕೂರುತ್ತೆ, ಎರಡೂ ಸೇರಿ ದೊಡ್ಡ ನಡುಕ. ಉಲ್ಟಾ ತಿರುಗಿಸಿದ್ರೆ ಎದುರು ಕಡೆಗೆ ಹೋಗುತ್ತೆ, ಒಂದನ್ನೊಂದು ಕಳೆದು ಸಣ್ಣ ನಡುಕ. ಡ್ರೈವರ್ ಒಂದು ಸ್ವಿಚ್ ಒತ್ತಿದ್ರೆ ಆಯ್ತು. ಮೊದಲ ಸುತ್ತುಗಳಿಗೆ ದೊಡ್ಡದು, ಕೊನೆಗೆ ಸಣ್ಣದು.

ಹಾಗಾದ್ರೆ ಬಲ ಇನ್ನೂ ಜಾಸ್ತಿ ಮಾಡಬಹುದಲ್ಲ? ಅಲ್ಲೇ ತೊಡಕು. ಮಣ್ಣು ಗಟ್ಟಿ ಆದ ಮೇಲೂ ಜೋರಾಗಿ ಕುಟ್ಟುತ್ತಾ ಇದ್ರೆ ಡ್ರಮ್ ನೆಲ ಬಿಟ್ಟು ಹಾರೋಕೆ ಶುರು ಮಾಡುತ್ತೆ. ಒಂದು ಸಲ ಬಿಟ್ಟು ಒಂದು ಸಲ ಬೀಳುತ್ತೆ. ಆಗ ಮೇಲಿನ ಮಣ್ಣು ಮತ್ತೆ ಸಡಿಲ, ಮಿಷಿನ್‌ಗೂ ಪೆಟ್ಟು. ವೇಗಕ್ಕೂ ಮಿತಿ ಇದೆ. ಸೆಕೆಂಡಿಗೆ 1 ಮೀಟರ್ ಹೋದ್ರೆ ಒಂದು ಏಟಿಗೂ ಇನ್ನೊಂದಕ್ಕೂ ಮಧ್ಯೆ 33 ಮಿಮೀ ಅಂತರ. ಊಟದ ಟೈಮ್ ಆಯ್ತು ಅಂತ ಡ್ರೈವರ್ ಎರಡು ಪಟ್ಟು ವೇಗದಲ್ಲಿ ಓಡಿಸಿದ್ರೆ ಅಂತರ 66 ಮಿಮೀ, ಮಣ್ಣಿಗೆ ಸಿಗೋ ಏಟು ಅರ್ಧ.

ಇಷ್ಟೆಲ್ಲ ನಡುಗಿದ್ರೂ ಡ್ರೈವರ್ ಯಾಕೆ ನಡುಗಲ್ಲ? ಡ್ರಮ್ ಮತ್ತು ಫ್ರೇಮ್ ಮಧ್ಯೆ ದಪ್ಪ ರಬ್ಬರ್ ಬಫರ್‌ಗಳಿವೆ. ರೋಲರ್ ಡಿಸೈನ್ ಅಂದ್ರೆ ಅರ್ಧ ನಡುಕ ಹುಟ್ಟಿಸೋದು, ಇನ್ನರ್ಧ ಅದು ಬೇಡದ ಕಡೆ ಹೋಗದ ಹಾಗೆ ತಡೆಯೋದು.

ಮತ್ತೆ ನಮ್ಮ ಮೋರಿಗೆ

ಇಷ್ಟು ಒಳ್ಳೆ ಮಿಷಿನ್ ಬಂದೂ ರಸ್ತೆ ಯಾಕೆ ಕೂತಿತು? ಯಾಕಂದ್ರೆ ಎಂಥ ರೋಲರ್ ಆದ್ರೂ ಅದರ ಕೈ ಸ್ವಲ್ಪ ಆಳಕ್ಕೇ ಮುಟ್ಟೋದು. ಅದಕ್ಕೇ ನಮ್ಮ ದೇಶದ ಹೈವೇ ನಿಯಮಗಳಲ್ಲಿ ಸಾಮಾನ್ಯವಾಗಿ ಒಂದು ಪದರ ಗಟ್ಟಿ ಆದ ಮೇಲೆ 200 ಮಿಮೀ ಮೀರಬಾರದು ಅಂತ ಇದೆ. ನಮ್ಮ ಮೋರಿ ಹತ್ರ ಟಿಪ್ಪರ್‌ನವರು ಮಣ್ಣು ಸುರಿದ್ರು, ಜೆಸಿಬಿ ದೂಡಿ ಸಮ ಮಾಡ್ತು, ಮೂರು ಮೀಟರ್ ತುಂಬಿದ ಮೇಲೆ ರೋಲರ್ ಬಂದು ಮೇಲೆ ಓಡಾಡ್ತು. ಅಜ್ಜ ಜಗಲಿಯಲ್ಲಿ ಕೂತು ನೋಡಿದ್ದು ಅಷ್ಟನ್ನೇ.

ಲೆಕ್ಕ ಹಾಕಿ. ಮೇಲಿನ 30 ಸೆಂಮೀ ಚೆನ್ನಾಗಿ ಗಟ್ಟಿ ಆಯ್ತು ಅಂತಿಟ್ಕೊಳ್ಳಿ. ಉಳಿದ 2.7 ಮೀಟರ್ ಶೇ. 95ರ ಬದಲು ಶೇ. 90ರಲ್ಲಿ ನಿಂತಿತು. ಬರೀ ಐದು ಪರ್ಸೆಂಟ್, ಇಂಟರ್ನಲ್ಸ್‌ನಲ್ಲಿ ಯಾರೂ ಕೇರ್ ಮಾಡಲ್ಲ. ಮಳೆ ನೀರು ಇಳಿದು, ಪಿಕಪ್‌ಗಳು ಓಡಾಡಿ, ಆ ಮಣ್ಣು ಕೊನೆಗೆ 95ಕ್ಕೆ ಬಂತು ಅಂದ್ರೆ ಅದು ಕೂರೋದು 2.7 ಇಂಟು (1 − 90/95). ಅಂದ್ರೆ 14 ಸೆಂಮೀ. ಹೆಚ್ಚೂಕಡಿಮೆ ಅಜ್ಜ ಬಿದ್ದ ಗುಂಡಿಯ ಆಳ.

ಮೋರಿ ಮಾತ್ರ ಕಾಂಕ್ರೀಟ್, ಅದು ಕೂರಲ್ಲ. ಪಕ್ಕದ ಮಣ್ಣು ಕೂರುತ್ತೆ. ಅದಕ್ಕೇ ಮೋರಿ, ಸೇತುವೆ ಹತ್ರ ಬಂದಾಗಲೇ ಬಸ್ಸು 'ಧಡಕ್' ಅನ್ನೋದು. ಮೋರಿ ಗೋಡೆಗೆ ತಾಗಿದ ಮಣ್ಣಿನ ಹತ್ರ ದೊಡ್ಡ ರೋಲರ್ ಹೋಗೋಕೂ ಆಗಲ್ಲ, ಹೋದ್ರೆ ಗೋಡೆಗೇ ಅಪಾಯ. ಅಲ್ಲಿ ಇನ್ನೂ ತೆಳು ಪದರ ಹಾಕಿ, ಕೈಯಲ್ಲಿ ಹಿಡಿದು ಕುಟ್ಟೋ ಸಣ್ಣ ಮಿಷಿನ್‌ನಲ್ಲಿ ದಮ್ಮಸ್ ಮಾಡಬೇಕು. ಹೊಳೆ ಕಡೆ ಅಂಚಿಗೂ ಹೀಗೇ. ರೋಲರ್ ಜಾರಿ ಬೀಳುತ್ತೆ ಅಂತ ಡ್ರೈವರ್ ಅಂಚಿಗೆ ಹೋಗಲ್ಲ, ಅದು ಅವರ ತಪ್ಪಲ್ಲ. ಸರಿಯಾದ ದಾರಿ ಅಂದ್ರೆ ಬೇಕಾದ್ದಕ್ಕಿಂತ ಅಗಲ ತುಂಬಿ, ರೋಲ್ ಮಾಡಿ, ಆಮೇಲೆ ಅಂಚನ್ನ ಕೆತ್ತಿ ತೆಗೆಯೋದು. ಗುಡ್ಡದ ಇಳಿಜಾರಿಗೆ ತಾಗಿ ತುಂಬೋದಾದ್ರೆ ಮೊದಲು ದರೆಯನ್ನ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಇಲ್ಲಾಂದ್ರೆ ಹೊಸ ಮಣ್ಣು ಹಳೆ ಇಳಿಜಾರಿನ ಮೇಲೆ ಜಾರುಬಂಡೆ ಆಡುತ್ತೆ.

ನನಗೆ ನಿಜವಾಗಿ ಬೇಜಾರಾಗಿದ್ದು ಮುಂದಿನ ಲೆಕ್ಕ ಹಾಕಿದ ಮೇಲೆ. ತುಂಬಿದ ಜಾಗ 40 ಮೀಟರ್ ಉದ್ದ, 7 ಮೀಟರ್ ಅಗಲ ಅಂದ್ಕೊಳ್ಳಿ. 20 ಸೆಂಮೀ ಪದರ ಅಂದ್ರೆ 15 ಪದರ. 2.1 ಮೀಟರ್ ಡ್ರಮ್‌ಗೆ ಒಂದರ ಮೇಲೊಂದು ಸ್ವಲ್ಪ ಹೊದಿಸಿ ನಾಲ್ಕು ಪಟ್ಟಿ. ಪ್ರತಿ ಪಟ್ಟಿಗೆ ಎಂಟು ಸಲ. 40 × 4 × 8 × 15 ಅಂದ್ರೆ 19,200 ಮೀಟರ್. ಗಂಟೆಗೆ 4 ಕಿಮೀ ವೇಗದಲ್ಲಿ 4.8 ಗಂಟೆ. ಐದು ಗಂಟೆ ಕೂಡ ಇಲ್ಲ! ಮಣ್ಣು ಹರಡೋದು, ನೀರು ಹಾಕೋದು, ಕಾಯೋದು ಸೇರಿದ್ರೆ ಜಾಸ್ತಿ ದಿನ ಬೇಕು, ಒಪ್ಪಿದೆ. ಆದ್ರೆ ರೋಲರ್ ಬಂದೇ ಇತ್ತು, ಬಾಡಿಗೆ ಕೊಟ್ಟೇ ಇದ್ರು. ಅದನ್ನ ಕೊನೇ ದಿನ ಕರೆಸೋ ಬದಲು ಮೊದಲನೇ ದಿನದಿಂದ ನಿಲ್ಲಿಸ್ಕೊಂಡಿದ್ರೆ ಸಾಕಿತ್ತು.

ನಮ್ಮ ಮಣ್ಣೇ ಸರಿ ಇಲ್ವಾ?

ಊರಲ್ಲಿ ಕೇಳಿದ್ರೆ "ಮಲೆನಾಡಿನ ಮಳೆ ಮಾರಾಯ, ಇಲ್ಲಿ ಯಾವ ರೋಡೂ ನಿಲ್ಲಲ್ಲ" ಅಂತಾರೆ. ಮಳೆ ಸುಳ್ಳಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಕುಸಿದದ್ದು ನಮಗೆಲ್ಲ ನೆನಪಿದೆ. ಅಂಥ ಮಳೆಗೆ ರೋಲರ್ ಉತ್ತರ ಅಲ್ಲ.

ಆದ್ರೆ ಸಂಸೆಯಿಂದ ಕುದುರೆಮುಖದ ಕಡೆ ಹೋಗಿ ನೋಡಿ. ಭದ್ರೆಗೆ ಸೇರೋ ಲಖ್ಯಾ ಹೊಳೆಗೆ ಅಡ್ಡಲಾಗಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕಟ್ಟಿದ ಲಖ್ಯಾ ಅಣೆಕಟ್ಟು ಇದೆ. ಮಣ್ಣಿನ ಅಣೆಕಟ್ಟು, ಎತ್ತರ ಸುಮಾರು 100 ಮೀಟರ್. ಅದಿರು ತೆಗೆದ ಮೇಲೆ ಉಳಿದ ಹುಡಿ ಹೊಳೆಗೆ ಹೋಗದ ಹಾಗೆ ತಡೆಯೋಕೆ ಕಟ್ಟಿದ್ದು. ಗಣಿ 2005ರ ಕೊನೆಗೆ ನಿಂತಿತು, ಅಣೆಕಟ್ಟು ನಿಂತೇ ಇದೆ. ಗಣಿಗಾರಿಕೆ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ನಾನು ಹೇಳ್ತಿರೋದು ಇಷ್ಟೇ: ಅದೇ ಬೆಟ್ಟ, ಅದೇ ಮಳೆ. ಅಲ್ಲಿ ನೂರು ಮೀಟರ್ ನಿಂತಿದೆ, ನಮ್ಮಲ್ಲಿ ಮೂರು ಮೀಟರ್ ನಿಲ್ಲಲಿಲ್ಲ. ಹಾಗಾಗಿ ಬರೀ ಮಣ್ಣನ್ನ, ಮಳೆಯನ್ನ ಬೈಯೋದರಲ್ಲಿ ಅರ್ಥ ಇಲ್ಲ.

ಮಲೆನಾಡಿನಲ್ಲಿ ಒಂದು ಕಷ್ಟ ನಿಜ. ಮಣ್ಣಿನ ಕೆಲಸಕ್ಕೆ ಸಿಗೋ ಒಣ ತಿಂಗಳು ಕಡಿಮೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವಿನ ಮಳೆ ಬಂದ್ರೆ ರಾತ್ರಿ ಕಳೆಯೋದರಲ್ಲಿ ಮಣ್ಣಿನ ಹದ ಹೋಗಿರುತ್ತೆ. ಹದಕ್ಕಿಂತ ಒಂದು ಪರ್ಸೆಂಟ್ ಜಾಸ್ತಿ, ಎರಡು ಪರ್ಸೆಂಟ್ ಕಡಿಮೆ ತನಕ ಓಕೆ ಅಂತ ಹೈವೇ ನಿಯಮ. ಅದು ಮೀರಿದ್ರೆ ಮಣ್ಣನ್ನ ಕೆದಕಿ ಒಣಗಿಸಬೇಕು, ಸಂಜೆ ಮೋಡ ಕಂಡ್ರೆ ಹರಡಿದ ಪದರವನ್ನ ಅವತ್ತೇ ರೋಲ್ ಮಾಡಿ ಮುಚ್ಚಬೇಕು. ಕಣದಲ್ಲಿ ಕಾಫಿ ಒಣಗಿಸೋ ನಮ್ಮ ಜನಕ್ಕೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮೂರಿಗೆ ರೋಲರ್ ಬಂದ್ರೆ

ನಾವು ಎಂಜಿನಿಯರಿಂಗ್ ಓದ್ತಿದ್ದೀವಿ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಹೋಗಿ ನಿಂತ್ರೆ ಯಾರೂ ಓಡಿಸಲ್ಲ. ನೋಡಬೇಕಾದ್ದು ಇಷ್ಟು:

1. ರೋಲರ್ ಯಾವಾಗ ಬಂತು? ಮಣ್ಣು ಸುರಿಯೋ ಮೊದಲ ದಿನವೋ, ಕೊನೇ ದಿನವೋ?
2. ಒಂದು ಪದರ ಎಷ್ಟು ದಪ್ಪ? ಒಂದು ಸ್ಕೇಲ್ ಸಾಕು.
3. ಮಣ್ಣನ್ನ ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆ ಆಗಬೇಕು, ಕೈ ಒದ್ದೆ ಆಗಬಾರದು. ಇದು ಟೆಸ್ಟ್ ಅಲ್ಲ, ಅಂದಾಜು ಮಾತ್ರ.
4. ಮೋರಿ ಗೋಡೆ ಪಕ್ಕ ಸಣ್ಣ ಮಿಷಿನ್‌ನಲ್ಲಿ ಕುಟ್ಟಿದ್ರಾ?
5. ಪದರದ ಸಾಂದ್ರತೆ ಅಳೆದ್ರಾ? ಕೋರ್ ಕಟ್ಟರ್ ಅಂದ್ರೆ 10 ಸೆಂಮೀ ವ್ಯಾಸದ, 1000 ಸಿಸಿ ಹಿಡಿಯೋ ಒಂದು ಕಬ್ಬಿಣದ ಕೊಳವೆ ಅಷ್ಟೇ. ಮಣ್ಣಿಗೆ ಹೊಡೆದು ಇಳಿಸಿ, ತೆಗೆದು ತೂಕ ಮಾಡಿ, ನೀರಿನ ಪಾಲು ಕಳೆದ್ರೆ ಉತ್ತರ ಸಿಗುತ್ತೆ.

ಕಾಫಿ ಕೊಯ್ಲು ಮುಗಿದ ಮೇಲೆ ಆ ಜಾಗವನ್ನ ಮತ್ತೆ ರಿಪೇರಿ ಮಾಡ್ತಾರಂತೆ. ಮೇಲೆ ಇನ್ನೊಂದು ಪದರ ಟಾರ್ ಹಾಕಿ ಮುಗಿಸಿದ್ರೆ ಏನಾಗುತ್ತೆ ಅಂತ ಈಗ ನಿಮಗೂ ಗೊತ್ತು. ಅಗೆದು ತೆಗೆದು ಪದರ ಪದರವಾಗಿ ತುಂಬಿ ಅಂತ ನಾವು ಊರಿನವರು ಸೇರಿ ಅರ್ಜಿ ಬರೆದಿದ್ದೀವಿ, ಮೇಲಿನ ಲೆಕ್ಕ ಎಲ್ಲ ಅದರಲ್ಲಿ ಹಾಕಿದ್ದೀನಿ.

ಮೊನ್ನೆ ಅಜ್ಜ ಫೋನ್ ಮಾಡಿದ್ರು. ಪ್ಲಾಸ್ಟರ್ ಬಿಚ್ಚಿದ್ದಾರೆ. "ಹದಿನೈದು ಪದರ ಅಂದೆ ಅಲ್ವಾ ಮಗಾ? ನೀನು ಬರೋಕೆ ಆಗದಿದ್ರೂ ಚಿಂತೆ ಇಲ್ಲ, ನಾನು ಜಗಲಿಯಲ್ಲಿ ಕೂತು ಎಣಿಸ್ತೀನಿ" ಅಂದ್ರು.